ಹತ್ತಕ್ಕೆ ಐದು

ನನ್ನ ಮೊದಲ ನೌಕರಿ ವಿಡಿಯೊ ಗೇಮುಗಳಿಗೆ ಅಂಕ ಕೊಡುವುದು. ಹೀಗೆಂದರೆ ಈಗಲೂ ಜನ ನಗುತ್ತಾರೆ. ಆಗ ನನ್ನ ಅಮ್ಮ ನಗುತ್ತಲೂ ಇರಲಿಲ್ಲ. ನೆಂಟರು ಕೇಳಿದರೆ "ಪತ್ರಿಕೆಯಲ್ಲಿದ್ದಾಳೆ" ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದಳು.

ದೆಹಲಿಯ ಓಖ್ಲಾದಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಮಹಡಿಯಲ್ಲಿ ನಮ್ಮ ಇಂಗ್ಲಿಷ್ ಮಾಸಪತ್ರಿಕೆಯ ಕಚೇರಿ. ಕೆಳಗೆ ಯಂತ್ರ ಶುರುವಾದರೆ ಮೇಲೆ ನಮ್ಮ ಚಹಾದ ಲೋಟ ಸಣ್ಣಗೆ ನಡುಗುತ್ತಿತ್ತು. ತಿಂಗಳ ಮೊದಲ ವಾರ ಹೊಸ ಆಟಗಳ ಡಬ್ಬ ಬರುತ್ತಿತ್ತು. ಹೆಸರಾಂತ ಆಟಗಳನ್ನು ಹಿರಿಯರು, ಅಂದರೆ ನನಗಿಂತ ಎರಡು ವರ್ಷ ಮೊದಲು ಸೇರಿದ್ದ ಹುಡುಗರು, ಎತ್ತಿಕೊಂಡ ಮೇಲೆ ತಳದಲ್ಲಿ ಉಳಿದದ್ದು ನನ್ನ ಪಾಲು. ಟಿವಿಗೆ ಜೋಡಿಸಿ ಆಡುವಂಥವು ಕೆಲವು, ಕೈಯಲ್ಲಿ ಹಿಡಿದು ಆಡುವ ಪುಟ್ಟ ಯಂತ್ರದವು ಕೆಲವು. ಒಂದು ವರ್ಷದೊಳಗೆ ನಾನು ಸಾಧಾರಣ ಆಟಗಳ ಪರಿಣತೆಯಾಗಿಬಿಟ್ಟೆ. ಕೆಟ್ಟ ಆಟಗಳಲ್ಲ. ಕೆಟ್ಟದ್ದನ್ನು ಬೈಯುವುದರಲ್ಲಾದರೂ ಒಂದು ಮಜಾ ಇದೆ. ಇವು ಹಾಗೂ ಅಲ್ಲ, ಹೀಗೂ ಅಲ್ಲ.

ಒಂದು ಕ್ರಿಕೆಟ್ ಆಟದಲ್ಲಿ ಚೆಂಡು ಕಾಲ ಪಕ್ಕದಲ್ಲೇ ಉರುಳಿಹೋದರೂ ಫೀಲ್ಡರ್ ಆಕಾಶ ನೋಡುತ್ತಾ ನಿಂತಿರುತ್ತಿದ್ದ. ಒಂದು ಕಾರು ಓಟದ ಆಟದಲ್ಲಿ ಊರು ಬದಲಾದರೂ ದಾರಿಬದಿಯ ಮರ ಮಾತ್ರ ಅದೇ ಮರ. ಸಿನಿಮಾ ಹೆಸರಿನ ಮೇಲೆ ಬಂದ ಇನ್ನೊಂದಕ್ಕೆ ಶುರುವಿನಲ್ಲಿ ಐದು ನಿಮಿಷದ ಭರ್ಜರಿ ಚಿತ್ರ, ಅದು ಮುಗಿದರೆ ನಾಯಕ ಗೋಡೆಗೆ ಮುಖ ಕೊಟ್ಟು ಓಡುತ್ತಲೇ ಇರುತ್ತಾನೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಇಂಥವುಗಳ ಮೇಲೆ ನಾಲಿಗೆ ಹರಿತ ಮಾಡಿಕೊಂಡೇ ನಾನು ಬರೆಯಲು ಕಲಿತೆ.

ಅಂಕದ ವಿಷಯದಲ್ಲಿ ನನ್ನದೊಂದು ಹಠವಿತ್ತು. ಹತ್ತಕ್ಕೆ ಐದು ಎಂದರೆ ನಡುಮಧ್ಯ. ಸಾಧಾರಣ ಆಟಕ್ಕೆ ಐದೇ. ನಮ್ಮ ಸಂಪಾದಕರು ಜನಕಪುರಿಯಿಂದ ಬರುತ್ತಿದ್ದ, ಸದಾ ಅವಸರದಲ್ಲಿರುತ್ತಿದ್ದ ಮನುಷ್ಯ. ಅವರು ಹಿಂದಿಯಲ್ಲಿ ನನಗೆ ಒಂದಲ್ಲ, ಹತ್ತು ಸಲ ಹೇಳಿದ್ದರು: ಎಲ್ಲ ಪತ್ರಿಕೆಗಳೂ ಎಣಿಕೆ ಶುರುಮಾಡುವುದೇ ಏಳರಿಂದ, ಐದು ಅಂದರೆ ಓದುವವನಿಗೆ ಅದು ಕಸ, ಅವನು ಆ ಆಟದ ಹತ್ತಿರವೂ ಸುಳಿಯುವುದಿಲ್ಲ. "ಅದು ಅವರ ತಪ್ಪು" ಎಂದು ನಾನು ವಾದಿಸುತ್ತಿದ್ದೆ. ಅವರು ಕೈಚೆಲ್ಲಿ ಅಚ್ಚಿಗೆ ಕಳಿಸುತ್ತಿದ್ದರು.

ಈ ಜಿಪುಣತನ ಅಪ್ಪನಿಂದ ಬಂದದ್ದು. ಅಪ್ಪ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಅಧಿಕಾರಿ. ದೊಡ್ಡ ಕ್ವಾರ್ಟರ್ಸಿಗೆ ಹಕ್ಕಿದ್ದರೂ ಮಾರ್ಕೆಟ್ ದೂರವಾಗುತ್ತದೆ ಎಂದು ಅಮ್ಮ ಒಪ್ಪದೆ, ನಾವು ಸರೋಜಿನಿ ನಗರದ ಹಳೆಯ ಮನೆಯಲ್ಲೇ ಉಳಿದಿದ್ದೆವು. ಅಪ್ಪ ಜನ್ಮದಲ್ಲಿ ಒಂದು ಗೇಮೂ ಆಡಿದವರಲ್ಲ. ಆದರೆ ನನ್ನ ವಿಮರ್ಶೆಗಳನ್ನು ಪೆನ್ಸಿಲ್ ಹಿಡಿದು ಓದುತ್ತಿದ್ದರು. ಕೊನೆಗೆ ಅಂಕ ನೋಡಿ, "ಐದು. ಸರಿಯಾಗಿದೆ. ಅಂಕವನ್ನ ದಾನ ಮಾಡಬಾರದು" ಎನ್ನುತ್ತಿದ್ದರು. ಆ ಮಾತಿಗಾಗಿ ನಾನು ಇನ್ನೂ ಬಿಗಿಯಾಗಿ ಬರೆಯುತ್ತಿದ್ದೆ.

ನಮ್ಮ ಕೆಳಗಿನ ಮನೆಯಲ್ಲಿ ಅಪ್ಪನ ಕೈಕೆಳಗೇ ಕೆಲಸ ಮಾಡುತ್ತಿದ್ದ ಒಬ್ಬ ಅಂಕಲ್ ಇದ್ದರು. ಅವರ ಹೆಂಡತಿ ಮೈಸೂರಿನಲ್ಲಿ ಶಾಲೆಯ ಟೀಚರು. ಅವರ ಕೆಲಸ ಅಲ್ಲಿ, ಇವರ ಕೆಲಸ ಇಲ್ಲಿ. ಒಂಬತ್ತು ವರ್ಷದಿಂದ ಇವರು ಒಬ್ಬರೇ ಅನ್ನ ಸಾರು ಮಾಡಿಕೊಂಡು, ವರ್ಷಕ್ಕೆರಡು ಸಲ ರೈಲು ಹತ್ತುತ್ತಿದ್ದರು. ಮಗಳು ಒಂಬತ್ತನೇ ಕ್ಲಾಸು. "ಅವಳು ಕಾಲೇಜು ಹಾಸ್ಟೆಲು ಅಂತ ಹೊರಟುಬಿಡೋಕೆ ಮುಂಚೆ ಮನೆ ಸೇರ್ಕೋಬೇಕಮ್ಮ. ಅಷ್ಟಾದ್ರೆ ಸಾಕು" ಎಂದು ಅಮ್ಮನ ಹತ್ತಿರ ಹೇಳುತ್ತಿದ್ದರು. ಮೈಸೂರಿನ ಒಂದು ಕಚೇರಿಯಲ್ಲಿ ಜಾಗ ಖಾಲಿಯಾಗಲಿದೆ ಎಂಬ ಸುದ್ದಿಯನ್ನು ಅವರು ದೇವರ ಪ್ರಸಾದದ ಹಾಗೆ ಜೇಬಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದರು.

ಒಂದು ದಿನ ಅಮ್ಮ ಕೊಟ್ಟ ಚಟ್ನಿಪುಡಿಯ ಡಬ್ಬ ಕೊಡಲು ಹೋದಾಗ ನನ್ನ ಕೈಯಲ್ಲಿದ್ದ ಆಟದ ಯಂತ್ರ ನೋಡಿ, "ಅದೇನಮ್ಮ ಅದು?" ಎಂದರು. ಅದರಲ್ಲಿ ಆಗ ಇದ್ದದ್ದು ಒಂದು ಮೀನು ಹಿಡಿಯುವ ಆಟ. ಮೂರು ಕೆರೆ, ಒಂದು ಗಾಳ, ಒಂದು ಬೆಂಡು. ಬೆಂಡು ಮುಳುಗಿದಾಗ ಗುಂಡಿ ಒತ್ತಬೇಕು. ಹಿನ್ನೆಲೆಯಲ್ಲಿ ಹನ್ನೊಂದು ಸೆಕೆಂಡಿನ ಒಂದು ಸಂಗೀತ, ಮುಗಿದರೆ ಮತ್ತೆ ಅದೇ. ಸರೋಜಿನಿ ನಗರದಿಂದ ಓಖ್ಲಾಕ್ಕೆ ಹೋಗುವ ಬಸ್ಸಿನಲ್ಲಿ ಅದನ್ನು ಆಡಿ, "ಈ ಆಟದಲ್ಲಿ ಮೀನಿಗಿಂತ ಮೊದಲು ಆಟಗಾರನ ಪ್ರಾಣ ಹೋಗುತ್ತದೆ" ಎಂದು ಬರೆದು ನಾಲ್ಕು ಅಂಕ ಕೊಟ್ಟಿದ್ದೆ. ಕಚೇರಿಯಲ್ಲಿ ಮೇಜು ತಟ್ಟಿ ನಕ್ಕಿದ್ದರು.

ಅಂಕಲ್ ಅದನ್ನು ಹಿಡಿದು ಕೂತವರು ಏಳಲೇ ಇಲ್ಲ. ಒಂದು ಗಂಟೆ ಬಿಟ್ಟು ಹೋದರೂ ಹಾಗೇ ಕೂತಿದ್ದರು.

"ಬೋರ್ ಆಗ್ತಿಲ್ವಾ ಅಂಕಲ್?"

"ಇದ್ರಲ್ಲಿ ತಪ್ಪೇನೂ ಇಲ್ಲಮ್ಮ. ಕಾಯ್ಬೇಕು, ಅಷ್ಟೆ."

ಆಫೀಸಿನಲ್ಲಿ ನನಗೆ ಹೊಸ ಯಂತ್ರ ಸಿಕ್ಕಿದ್ದರಿಂದ ಹಳೆಯದು ಅವರ ಹತ್ತಿರವೇ ಉಳಿಯಿತು. ಸಂಜೆ ಮೆಟ್ಟಿಲು ಹತ್ತುವಾಗ ಅವರ ಬಾಗಿಲ ಹಿಂದಿನಿಂದ ಆ ಹನ್ನೊಂದು ಸೆಕೆಂಡು ಕೇಳಿಸುತ್ತಿತ್ತು. ನಾನು ಒಳಗೊಳಗೇ ನಗುತ್ತಿದ್ದೆ. ಸಾಧಾರಣ ಆಟಕ್ಕೆ ಸಾಧಾರಣ ಮನುಷ್ಯ ಸಿಕ್ಕಿದ ಎಂದುಕೊಂಡದ್ದೂ ಉಂಟು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಎರಡು ಸಾವಿರದ ಒಂಬತ್ತನೇ ಇಸವಿಯ ಬೇಸಿಗೆ. ಅಪ್ಪ ಪ್ರತಿ ವರ್ಷ ಆ ಹೊತ್ತಿಗೆ ತಮ್ಮ ನೌಕರರ ಮೇಲೆ ವರದಿ ಬರೆಯುತ್ತಿದ್ದರು. ಯಾರು ಹೇಗೆ ಕೆಲಸ ಮಾಡಿದರು ಎಂಬುದರ ಗುಟ್ಟಿನ ವರದಿ. ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಹಾಳೆ ಹರಡಿ, ನಾವು ಹತ್ತಿರ ಹೋದರೆ ಅದರ ಮೇಲೆ ದಿನಪತ್ರಿಕೆ ಮುಚ್ಚುತ್ತಿದ್ದರು. ಆ ವರ್ಷ ಕೂಲರ್ ಮುಂದೆ ತಿಂಡಿ ತಿನ್ನುತ್ತಾ ಕೂತಿದ್ದ ನನ್ನನ್ನು ಅವರೇ ಕರೆದರು. ಮುಖದಲ್ಲಿ ತಮಾಷೆಯಿತ್ತು.

"ನಿನ್ನ ಕಸುಬು ಈಗ ಸರ್ಕಾರಕ್ಕೂ ಬಂತು ನೋಡು. ಹೊಸ ಫಾರ್ಮು. ಈ ಸಲದಿಂದ ಹತ್ತಕ್ಕೆ ಅಂಕ ಕೊಡಬೇಕಂತೆ."

"ಅರೇ ವಾಹ್! ಕೊಡಿ, ನಾನು ಹಾಕಿಕೊಡ್ತೀನಿ."

"ತಲೆಹರಟೆ ಬೇಡ. ಒಂದು ಕೆಲಸ ಇದೆ ಅಂದ್ಕೋ. ತಪ್ಪಿಲ್ಲ. ನಿಧಾನ, ಆದ್ರೆ ಆಗುತ್ತೆ. ವಿಶೇಷ ಅನ್ನೋ ಅಂಥದ್ದು ಏನಿಲ್ಲ. ಎಷ್ಟು ಕೊಡ್ತೀಯಾ?"

"ಐದು. ಇದ್ರಲ್ಲಿ ಯೋಚಿಸೋದೇನಿದೆ ಅಪ್ಪ?"

"ಆರು ಜಾಸ್ತಿ ಆಗುತ್ತಾ?"

"ಆರು ಅಂದ್ರೆ ಆಗ್ಲೇ ಚೆನ್ನಾಗಿದೆ ಅಂತ."

ಅಪ್ಪ ತಲೆಯಾಡಿಸಿ ದಿನಪತ್ರಿಕೆಯ ಮರೆಯಲ್ಲಿ ಏನೋ ಬರೆದರು. ಯಾರ ವರದಿ ಎಂದು ನಾನು ಕೇಳಲಿಲ್ಲ, ಕೇಳಿದ್ದರೂ ಅವರು ಹೇಳುತ್ತಿರಲಿಲ್ಲ. ಮೂವತ್ತನಾಲ್ಕು ವರ್ಷ ಸರ್ವಿಸು ಮಾಡಿದ ಮನುಷ್ಯ ನನ್ನನ್ನು ಕೇಳಿದರಲ್ಲ ಎಂದು ಆ ದಿನವಿಡೀ ನಾನು ನೆಲದ ಮೇಲೆ ನಡೆಯಲಿಲ್ಲ. ಸಂಪಾದಕರು ಹತ್ತು ಸಲ ಹೇಳಿದ್ದ ಮಾತು ಒಂದು ಸಲವೂ ನೆನಪಾಗಲಿಲ್ಲ.

ಹೊಸ ನಿಯಮದ ಪ್ರಕಾರ ಅಂಕವನ್ನು ಆಯಾ ನೌಕರನಿಗೂ ತೋರಿಸಬೇಕಿತ್ತು. ಮಳೆಗಾಲದ ಒಂದು ಸಂಜೆ ಕೆಳಗಿನ ಮನೆಯ ಅಂಕಲ್ ಒಂದು ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಮೇಲೆ ಬಂದರು. ನಾನು ಚಹಾ ತಂದು ನಿಂತಿದ್ದೆ.

"ಸರ್, ನಾನೇನು ತಪ್ಪು ಮಾಡಿದೆ ಅಂತ ಹೇಳಿದ್ರೆ ತಿದ್ಕೋತೀನಿ" ಎಂದರು.

"ತಪ್ಪೇನಿಲ್ಲವಲ್ಲ. ನಾನು ಹಾಗೆ ಬರೆದೇ ಇಲ್ಲ" ಎಂದರು ಅಪ್ಪ.

"ಐದು ಅಂತ ಇದೆ ಸರ್. ಪಕ್ಕದ ಸೆಕ್ಷನ್ನಲ್ಲಿ ಎಲ್ಲರಿಗೂ ಎಂಟು. ದಿನಾ ಲೇಟಾಗಿ ಬರೋರಿಗೂ ಏಳೂವರೆ ಬಂದಿದೆ. ಮೈಸೂರಿನ ಪೋಸ್ಟಿಗೆ ನಾಲ್ಕು ಜನ ಅರ್ಜಿ ಹಾಕಿದ್ದೀವಿ. ಐದು ನೋಡಿದ ತಕ್ಷಣ ನನ್ನ ಹೆಸರು ಹೊಡೆದುಹಾಕ್ತಾರೆ ಸರ್."

ಅವರ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಅಪ್ಪ ಒಮ್ಮೆ ನನ್ನ ಕಡೆ ನೋಡಿದರು, ಅಷ್ಟೆ. ನನ್ನ ಮಾತೆತ್ತಲಿಲ್ಲ. "ಅಂಕ ತಿದ್ದಬೇಕು ಅಂತ ನೀವು ಅರ್ಜಿ ಕೊಡಿ, ನಾನು ಅದರ ಮೇಲೆ ಬರೀತೀನಿ" ಎಂದು ಅವರನ್ನು ಬಾಗಿಲವರೆಗೆ ಕಳಿಸಿ ಬಂದರು.

ಆಮೇಲೆ ಕನ್ನಡಕ ಒರೆಸುತ್ತಾ ಕೇಳಿದರು: "ನಿಮ್ಮ ಕಡೆ ಬೇರೆಯವರು ಎಷ್ಟು ಕೊಡ್ತಾರೆ?"

"ಏಳು. ಎಂಟು."

"ಅದನ್ನ ಅವತ್ತು ಹೇಳಲಿಲ್ಲ ನೀನು."

ಬೈದಿದ್ದರೆ ಎದುರು ಮಾತಾಡುವಷ್ಟು ನಾಲಿಗೆ ನನಗಿತ್ತು. ಚಹಾದ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ.

ಅಂಕಲ್ ಕೊಟ್ಟ ಅರ್ಜಿಯ ಮೇಲೆ ಅಪ್ಪ ತಮ್ಮ ಅಭಿಪ್ರಾಯ ಬರೆಯಬೇಕಿತ್ತು. ಎರಡು ದಿನ ಮೇಜಿನ ಮುಂದೆ ಕೂತು ಎದ್ದರು. ನಿವೃತ್ತಿಗೆ ಮೂರೇ ವರ್ಷ ಉಳಿದಿತ್ತು. ಅಲ್ಲಿಯವರೆಗೆ ತಮ್ಮ ಕೈಬರಹದ ಕೆಳಗೆ ತಪ್ಪು ಎಂಬ ಪದ ಬಂದಿಲ್ಲ ಎನ್ನುವುದು ಅವರ ದೊಡ್ಡ ಹೆಮ್ಮೆ. ಮೂರನೆಯ ದಿನ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದರು. ಇತರ ಅಧಿಕಾರಿಗಳು ಹೇಗೆ ಅಂಕ ಕೊಡುತ್ತಾರೆಂದು ತಿಳಿದುಕೊಳ್ಳದೆ ನಾನು ಅಂಕ ಕೊಟ್ಟಿದ್ದೇನೆ, ಈ ತಪ್ಪು ನೌಕರನದ್ದಲ್ಲ, ನನ್ನದು, ಅಂಕವನ್ನು ಹೆಚ್ಚಿಸಬೇಕು ಎಂದು. ಮೇಲಿನವರು ಅದನ್ನು ಓದಿ ನಕ್ಕಿರಬಹುದು. ಅಪ್ಪ ಸಹಿ ಹಾಕಿ, ಚೀಲಕ್ಕೆ ಹಾಕಿಕೊಂಡು ಹೋದರು.

ಅಪ್ಪ ಒಪ್ಪಿಕೊಂಡರು. ನಾನು ಒಪ್ಪಿಕೊಳ್ಳಲಿಲ್ಲ. ಇದ್ದದ್ದು ಒಂದೇ ಮೆಟ್ಟಿಲ ಸಾಲು, ಅದರ ಬುಡದಲ್ಲೇ ಅಂಕಲ್ ಬಾಗಿಲು. ಅಲ್ಲಿ ಹಾದುಹೋಗುವಾಗ ಮೊಬೈಲು ಕಿವಿಗಿಟ್ಟುಕೊಂಡು ಯಾರೊಂದಿಗೋ ಮಾತಾಡುವಂತೆ ನಟಿಸುತ್ತಿದ್ದೆ. ಚಟ್ನಿಪುಡಿಯ ಡಬ್ಬ ಅಮ್ಮನೇ ತೆಗೆದುಕೊಂಡು ಹೋಗುವಂತಾಯಿತು. ಅಂಕ ಹೆಚ್ಚಾಗಿ ಅವರಿಗೆ ಮೈಸೂರು ಸಿಕ್ಕಿಬಿಟ್ಟರೆ ಏನೂ ಹೇಳುವ ಅಗತ್ಯವೇ ಬೀಳುವುದಿಲ್ಲ ಎಂದು ಕಾಯುತ್ತಿದ್ದೆ. ಆಫೀಸಿನಲ್ಲಿ ನಡುವೆ ಎರಡು ಆಟಗಳಿಗೆ ಏಳು ಕೊಟ್ಟೆ. ಸಂಪಾದಕರು ನನಗೆ ಜ್ವರವೇ ಎಂದು ಕೇಳಿದರು.

ದೀಪಾವಳಿ ಕಳೆದ ಮೇಲೆ ಒಂದು ಶನಿವಾರ ಅಪ್ಪ ಬೂಟು ಬಿಚ್ಚುತ್ತಾ ಹೇಳಿದರು. ಐದು ಏಳಾಗಿದೆ. ಆದರೆ ಆ ಫೈಲು ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಮೈಸೂರಿನ ಪಟ್ಟಿ ಹೊರಬಿದ್ದಿದೆ. ಬೇರೆ ಯಾರಿಗೋ ಸಿಕ್ಕಿದೆ.

ನಾನು ಚಪ್ಪಲಿ ಹಾಕಿಕೊಂಡು ಕೆಳಗಿಳಿದೆ. ಅಂಕಲ್ ಮನೆಮುಂದಿನ ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು, ಇಳಿಬಿಸಿಲಿನಲ್ಲಿ ಕೂತಿದ್ದರು. ಕೈಯಲ್ಲಿ ಯಂತ್ರ, ಅದೇ ಹನ್ನೊಂದು ಸೆಕೆಂಡಿನ ಸಂಗೀತ.

"ಅಂಕಲ್, ಆ ಐದು ನನ್ನದು. ಅಪ್ಪ ಕೇಳಿದ್ರು, ನಾನೇ ಹೇಳಿದ್ದು" ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

ಅವರು ತಾಳು ಎಂಬಂತೆ ಬೆರಳೆತ್ತಿದರು. ಬೆಂಡು ಮುಳುಗಿತ್ತು. ಮೀನು ಎಳೆದುಕೊಂಡ ಮೇಲೆ ತಲೆಯೆತ್ತಿದರು.

"ನನ್ನದು ಅಂತ ಗೊತ್ತಿತ್ತಾ?"

"ಇಲ್ಲ."

"ಗೊತ್ತಿದ್ದಿದ್ರೆ?"

ಸುಳ್ಳು ಹೇಳಬಹುದಿತ್ತು. "ಗೊತ್ತಿದ್ರೂ ಐದೇ ಅಂತಿದ್ನೇನೋ" ಎಂದೆ. ಅವರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡವರಂತೆ ತಲೆಯಾಡಿಸಿದರು.

"ಈ ಮೀನಿನ ಆಟಕ್ಕೆ ಎಷ್ಟು ಕೊಟ್ಟಿದ್ದೆ?"

"ನಾಲ್ಕು."

"ಪರವಾಗಿಲ್ಲ. ಇದಕ್ಕಿಂತ ನಾನು ಒಂದು ಜಾಸ್ತಿ" ಎಂದು ನಕ್ಕರು. ನನಗೆ ಅಳು ಬಂತು. ಅವರು ಅದನ್ನು ಕಾಣದವರಂತೆ ಯಂತ್ರವನ್ನು ತಿರುಗಿಸಿ ನೋಡುತ್ತಾ, "ಪೂರ್ತಿ ಆಡಿದ್ಯಾ ಇದನ್ನ?" ಎಂದು ಕೇಳಿದರು.

ಆಡಿರಲಿಲ್ಲ. ಮೊದಲ ಕೆರೆಯಲ್ಲಿ ನಲವತ್ತು ನಿಮಿಷ, ಓಖ್ಲಾದ ಸ್ಟಾಪು ಬರುವವರೆಗೆ. ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎನ್ನುತ್ತಾರೆ. ನಾನು ಗಾಳವನ್ನೂ ನೆಟ್ಟಗೆ ಹಾಕಿರಲಿಲ್ಲ.

"ಮೂರನೇ ಕೆರೇಲಿ ಏನಾದ್ರೂ ವಿಶೇಷ ಇದೆಯಾ ಅಂಕಲ್?"

"ಏನಿಲ್ಲ. ಅದೇ ನೀರು, ಅದೇ ಮೀನು. ಆದ್ರೂ ಕೂತು ನೋಡು, ಆಮೇಲೆ ಹೇಳು."

ಅವರು ಒಳಗಿಂದ ಇನ್ನೊಂದು ಕುರ್ಚಿ ತಂದು ಹಾಕಿದರು. ಬಿಸಿಲು ಹುಲ್ಲಿನಿಂದ ಗೋಡೆಗೆ ಏರುವವರೆಗೂ ನಾನು ಆಡಿದೆ. ಅವರು ಹೇಳಿದ್ದು ನಿಜ, ವಿಶೇಷವೇನೂ ಇರಲಿಲ್ಲ. ನಾಲ್ಕು ಮೀನು ಸಿಕ್ಕವು.

ಅವರಿಗೆ ಮೈಸೂರು ಸಿಕ್ಕಿದ್ದು ಮತ್ತೆ ಎರಡು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಮಗಳು ಓದಲು ಮಂಗಳೂರಿನ ಹಾಸ್ಟೆಲಿಗೆ ಹೊರಟುಹೋಗಿದ್ದಳು. ಸಾಮಾನು ಕಟ್ಟಿದ ದಿನ ಅವರು ಮೇಲೆ ಬಂದು, ಯಂತ್ರವನ್ನು ಬಟ್ಟೆಯಲ್ಲಿ ಒರೆಸಿ ನನ್ನ ಕೈಗಿಟ್ಟರು. ಇಟ್ಟುಕೊಳ್ಳಿ ಎಂದೆ. "ಇನ್ಯಾಕಮ್ಮ, ಇನ್ಮೇಲೆ ಮಾತಾಡೋಕೆ ಮನೇಲಿ ಜನ ಇರ್ತಾರೆ" ಎಂದರು.

ಅವರು ಹೋದ ಮೇಲೆ ಅದನ್ನು ಹಾಕಿ ನೋಡಿದೆ. ಆ ಆಟ ಶುರುವಾಗುವ ಮುಂಚೆ, ಆಡಿದವರು ಎಷ್ಟು ಹೊತ್ತು ಆಡಿದ್ದಾರೆಂದು ತೋರಿಸುತ್ತದೆ. ಸಾವಿರದ ನೂರ ಆರು ಗಂಟೆ. ಅದರಲ್ಲಿ ಕೊನೆಯ ಎರಡು ವರ್ಷದವು ನನ್ನಿಂದ ಆದವು.