ವಿಗ್ಗೋ ಕೂರುತ್ತಿದ್ದ ಕುರ್ಚಿ

ನಮ್ಮ ಸಾಲುಮನೆಗಳಿಗೆ ತೋಟದ ಕಡೆ ಗೋಡೆಯಿಲ್ಲ, ಪೂರ್ತಿ ಗಾಜು. ಮನೆಯ ನಕ್ಷೆ ಬರೆದವನು ಬೆಳಕಿನ ಬಗ್ಗೆ ಬಹಳ ಯೋಚಿಸಿದ್ದ. ಒಳಗೆ ಯಾರಾದರೂ ಅಳಬೇಕಾದೀತು ಎಂದು ಯೋಚಿಸಿರಲಿಲ್ಲ. ಹಾಗಾಗಿ ಬಟ್ಟೆ ಒಣಹಾಕಲು ಹೋದಾಗಲೆಲ್ಲ ಪಕ್ಕದ ಮನೆಯ ಡಾಗ್ನಿಯ ದುಃಖ ಬೇಡವೆಂದರೂ ನನ್ನ ಕಣ್ಣಿಗೆ ಬೀಳುತ್ತಿತ್ತು.

ಡಾಗ್ನಿ ಊರಿನ ಕುರ್ಚಿ ಕಾರ್ಖಾನೆಯಲ್ಲಿ ಹೆಣೆಯುವವಳು. ಬಡಗಿಗಳು ಓಕ್ ಮರದ ಚೌಕಟ್ಟು ಮಾಡಿಕೊಟ್ಟರೆ, ಇವಳು ಕಾಗದ ಹೊಸೆದು ಮಾಡಿದ ಗಟ್ಟಿ ಹುರಿ ಎಳೆದೆಳೆದು ಕೂರುವ ಜಾಗ ಹೆಣೆಯುತ್ತಿದ್ದಳು. ಬೆರಳಲ್ಲಿ ಬಡಿದರೆ ಡೋಲಿನಂತೆ ಸದ್ದು ಬರಬೇಕು, ಅಷ್ಟು ಬಿಗಿ. ಕೋಪನ್‌ಹೇಗನ್ನಿನ ದೊಡ್ಡ ಮನೆಗಳಿಗೆಲ್ಲ ಅವಳ ಕುರ್ಚಿಗಳು ಹೋಗುತ್ತಿದ್ದವು. ಸ್ವಂತ ಮನೆಯಲ್ಲಿ ಮಾತ್ರ ದೀಪದ ಬುಡದಲ್ಲಿ ಕತ್ತಲೆ. ಗಂಡ ವಿಗ್ಗೋ ಕೂರುವ ಕುರ್ಚಿ ಜೋತುಬಿದ್ದು ಹಳ್ಳವಾಗಿತ್ತು.

“ಊರಿಗೆಲ್ಲ ಬಿಗಿ ಕುರ್ಚಿ, ಕಟ್ಕೊಂಡ ಗಂಡನಿಗೆ ತೊಟ್ಟಿಲು,” ಎಂದು ಅವನು ನನ್ನೆದುರೇ ಅವಳ ಕಾಲೆಳೆಯುತ್ತಿದ್ದ.

“ನಿನ್ನ ಭಾರಕ್ಕೆ ಕಬ್ಬಿಣದ ಹುರಿ ತರ್ಬೇಕಷ್ಟೆ. ಚಳಿಗಾಲ ಬರ್ಲಿ, ಹೆಣೀತೀನಿ,” ಎನ್ನುತ್ತಿದ್ದಳು ಡಾಗ್ನಿ.

ಚಳಿಗಾಲ ಬಂತು. ವಿಗ್ಗೋ ಇರಲಿಲ್ಲ. ಬಂದರಿನ ಕೆಲಸದಲ್ಲಿ ಎದೆ ಹಿಡಿದುಕೊಂಡು ಕುಸಿದವನು ಮನೆಗೆ ಮರಳಲಿಲ್ಲ.

ಆಮೇಲೆ ಡಾಗ್ನಿ ಆ ಕುರ್ಚಿಯಲ್ಲಿ ಯಾರನ್ನೂ ಕೂರಿಸಲಿಲ್ಲ. ಬೆಳಿಗ್ಗೆ ಅದರ ಮುಂದೆ ಮಂಡಿಯೂರಿ, ಮರವನ್ನು ಸೋಪಿನ ನೀರಲ್ಲಿ ಒರೆಸಿ, ಆ ಹಳ್ಳದಲ್ಲಿ ಅಂಗೈ ಇಡುವಳು. “ಅವನ ಆಕಾರ ಅಂತ ಉಳಿದಿರೋದು ಇದೊಂದೇ ಕಣೇ,” ಎಂದು ನನಗೊಮ್ಮೆ ಹೇಳಿದ್ದಳು. ಬೇರೆ ಯಾರಿಗೂ ಹೇಳಿರಲಿಲ್ಲ.

ಅವಳಿಗೆ ಅರವತ್ತು ತುಂಬಿತು. ಅರವತ್ತೆಂದರೆ ನಮ್ಮಲ್ಲಿ ಬೆಳಗಾಗುತ್ತಲೇ ಜೊತೆಯವರು ಬಾವುಟ ಹಿಡಿದು ಹಾಡುತ್ತ ಬರಬೇಕು. ಹಿಂದಿನ ದಿನ ತಂಗಿಯ ಮನೆಗೆ ಹೋಗಿದ್ದವಳು ಬೆಳಿಗ್ಗೆ ಬಸ್ಸಿಳಿದು ಬರುವಷ್ಟರಲ್ಲಿ ಕಾರ್ಖಾನೆಯವರೆಲ್ಲ ಹೂಕುಂಡದ ಕೆಳಗಿನ ಬೀಗದಕೈ ತೆಗೆದು ಒಳಗೆ ಸೇರಿದ್ದರು. ನನಗೆ ಬನ್ನು ಬೇಯಿಸಲು ಹೇಳಿದ್ದರು, ಇನ್ನೊಂದು ವಿಷಯ ಹೇಳಿರಲಿಲ್ಲ.

ಹಾಡು ಮುಗಿಯಿತು. ಮೇಸ್ತ್ರಿ ಹೋಲ್ಗರ್ ಪಕ್ಕಕ್ಕೆ ಸರಿದ. ಅವನ ಹಿಂದೆ ವಿಗ್ಗೋನ ಕುರ್ಚಿ, ಹೊಸ ಹುರಿಯಲ್ಲಿ ಹೆಣೆದು, ಬೆನ್ನಿಗೆ ಪುಟ್ಟ ಬಾವುಟ ಕಟ್ಟಿ ನಿಲ್ಲಿಸಿದ್ದರು.

“ಹೆಣೆಯೋಳ ಮನೇಲಿ ಇಂಥ ಕುರ್ಚಿ ಇದ್ರೆ ನಮಗೆ ಅವಮಾನ ಅಲ್ವಾ? ನಿನಗೆ ಮನಸ್ಸು ಬರ್ತಿಲ್ಲ ಅಂತ ನಿನ್ನೆ ರಾತ್ರಿ ಕಾರ್ಖಾನೆಗೆ ಒಯ್ದು ನಾವೇ ಮಾಡಿದ್ವಿ,” ಎಂದ.

ಬುದ್ಧಿಗೇಡಿಗಳು. ಒಳ್ಳೆಯವರು, ಅದಕ್ಕೇ ಬೈಯಲೂ ಆಗದು.

ಡಾಗ್ನಿ ಬಗ್ಗಿ ಕುರ್ಚಿಯ ಕೆಳಗೆಲ್ಲ ನೋಡಿದಳು. “ಹಳೇ ಹುರಿ ಎಲ್ಲಿ?” ಎಂದು ಕೇಳಿದಳು.

“ಒಲೆಗೆ ಹಾಕಿದ್ವಿ. ಒಣಗಿತ್ತಲ್ಲ, ಚೆನ್ನಾಗಿ ಉರೀತು,” ಎಂದು ಹೋಲ್ಗರ್ ನಕ್ಕ.

ಅವಳು ಎಲ್ಲರಿಗೂ ಥ್ಯಾಂಕ್ಸ್ ಹೇಳಿದಳು, ಕಾಫಿ ಬಗ್ಗಿಸಿಕೊಟ್ಟಳು. ಕೂರು ಕೂರು ಎಂದು ಒತ್ತಾಯ ಮಾಡಿದಾಗ ಕೂತಳು ಕೂಡ.

ಎಲ್ಲರೂ ಹೋಗಿ ನಾನೊಬ್ಬಳೇ ಉಳಿದಾಗ ಅವಳು ಕುರ್ಚಿಯ ಮುಂದೆ ಮಂಡಿಯೂರಿ ಅಂಗೈ ಇಟ್ಟಳು. ಅಂಗೈ ಸಪಾಟಾಗಿ ನಿಂತಿತು.

“ಬಿಗಿ ಬಂದಿದೆ ಕಣೇ. ನಾನೇ ಕೆಲಸ ಕಲಿಸಿದೋರು, ಒಂದೆಳೆ ಸಡಿಲ ಬಿಟ್ಟಿಲ್ಲ,” ಎಂದಳು. ಮತ್ತೆ, “ಅವನು ಇಲ್ಲಿ ಕೂರ್ತಿದ್ದ ಅಂತ ಇನ್ಯಾರಿಗೆ ಗೊತ್ತಾಗುತ್ತೆ?” ಎಂದಳು.

ಆ ಮನೆಗೆ ಪರದೆ ಇರಲಿಲ್ಲ. ಅವಳು ಅತ್ತು ಮುಗಿಸುವವರೆಗೆ ನಾನು ಗಾಜಿಗೆ ಅಡ್ಡವಾಗಿ ನಿಂತೆ.