ಎರಡು ಬೆರಳು ಹೆಚ್ಚು

ಮೂವತ್ತು ವರ್ಷಗಳಲ್ಲಿ ದರ್ಜಿ ಒಂದು ಬಟ್ಟೆಯನ್ನೂ ಅಳತೆಗೆ ಸರಿಯಾಗಿ ಕತ್ತರಿಸಿದವನಲ್ಲ. ಒಳಗೆ ಎರಡು ಬೆರಳು ಮಡಿಕೆ ಹೆಚ್ಚು ಬಿಟ್ಟೇ ಹೊಲಿಯುತ್ತಿದ್ದ. ಮೈ ತುಂಬಿಕೊಂಡರೆ, ಒಗೆದಾಗ ಬಟ್ಟೆ ಕುಗ್ಗಿದರೆ, ಹೊಲಿಗೆ ಬಿಚ್ಚಿ ಸಡಿಲಿಸಬಹುದು. “ನಿಮ್ಮ ಕೈಗೆ ಸಿಕ್ಕರೆ ಆಕಾಶಕ್ಕೂ ಮಡಿಕೆ ಬಿಡ್ತೀರಿ” ಎಂದು ಹೆಂಡತಿ ನಗುತ್ತಿದ್ದಳು.

ಹೆಂಡತಿ, ಮಗಳ ಜೊತೆ ಕಾರಿನ ಶೋರೂಮಿಗೂ ಅವನು ಕೊರಳಲ್ಲಿ ಟೇಪು ಇಳಿಬಿಟ್ಟುಕೊಂಡೇ ಬಂದಿದ್ದ. ಅಂಗಡಿಯಲ್ಲಿ ತೆಗೆದಿಡಲು ಮರೆತಿತ್ತು.

ಲೆಕ್ಕ ಹಾಕಿದ್ದು ಮಗಳು. ಅಮ್ಮನಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಆಸ್ಪತ್ರೆಗೆ ಹೋಗಿ ಬರಲು ಇನ್ನೂರ ನಲವತ್ತು ಕಿಲೋಮೀಟರ್. ಹಳೆಯ ಕಾರು ಎರಡು ಸಲ ನಡುದಾರಿಯಲ್ಲಿ ಕೈಕೊಟ್ಟಿತ್ತು. ಇಲ್ಲಿ ಎರಡು ವಿದ್ಯುತ್ ಕಾರುಗಳಿದ್ದವು; ಚಿಕ್ಕ ಬ್ಯಾಟರಿಯದು ಒಂದು ಚಾರ್ಜಿಗೆ ಮುನ್ನೂರು ಓಡುತ್ತದೆಂದು ಕಂಪನಿಯ ಕಾಗದದಲ್ಲಿತ್ತು.

“ಕಾಗದದ ಮಾತು ಬಿಡಪ್ಪಾ. ವಾಪಸ್ ಬರುವಾಗ ಅಮ್ಮ ಗಡಗಡ ನಡುಗ್ತಾಳೆ, ಹೀಟರ್ ಹಾಕಲೇಬೇಕು. ಚಳಿಗಾಲದಲ್ಲಿ ಇನ್ನೂರ ಇಪ್ಪತ್ತು ಓಡಿದರೆ ಪುಣ್ಯ.”

“ಆಸ್ಪತ್ರೇಲೇ ಚಾರ್ಜ್ ಮಾಡಿದರೆ?”

“ಅಲ್ಲಿಲ್ಲ. ಕೇಳಿದ್ದಕ್ಕೆ ಮುಂದಿನ ವರ್ಷ ನೋಡೋಣ ಅಂದರು. ದಾರೀಲಿ ಇರೋದು ಒಂದು. ಅಲ್ಲಿ ಯಾವಾಗಲೂ ಸಾಲು.”

ಹಾಗಾದರೆ ದೊಡ್ಡ ಬ್ಯಾಟರಿಯದೇ ಸರಿ. ಅದು ನಾನೂರ ಇಪ್ಪತ್ತು ಓಡುತ್ತದೆ. ದರ್ಜಿಯ ಎದೆ ಹಗುರಾಯಿತು. ಇದು ಅವನಿಗೆ ಅರ್ಥವಾಗುವ ಲೆಕ್ಕ.

ಹೆಂಡತಿ ಅದರ ಹಿಂದಿನ ಸೀಟಿನಲ್ಲಿ ಕೂತಳು. ಮೊಣಕಾಲು ಮೇಲೆದ್ದವು.

“ಬ್ಯಾಟರಿ ನೆಲದಡಿಗೇ ಇರೋದು ಸರ್,” ಶೋರೂಮಿನವಳು ಮೆಲ್ಲಗೆ ಹೇಳಿದಳು. “ದೊಡ್ಡದಾದರೆ ಕಾಲಿಡೋ ಜಾಗ ಸ್ವಲ್ಪ ಎತ್ತರ ಆಗುತ್ತೆ.”

ದರ್ಜಿ ಮಂಡಿಯೂರಿ ನೆಲದಿಂದ ಸೀಟಿಗೆ ಟೇಪು ಹಿಡಿದ. ಆಗಲೇ ಅಳೆದಿದ್ದ ಚಿಕ್ಕ ಬ್ಯಾಟರಿಯ ಕಾರಿಗಿಂತ ಎರಡು ಬೆರಳು ಕಡಿಮೆ. ಡಯಾಲಿಸಿಸ್ ಮುಗಿದ ದಿನ ಹೆಂಡತಿಯ ಮೀನಖಂಡ ಕಲ್ಲಿನಂತೆ ಸೆಟೆಯುತ್ತಿತ್ತು. ಕಾಲು ಚಾಚಿದರೆ ಮಾತ್ರ ನೆಮ್ಮದಿಯಿಂದ ಉಸಿರಾಡುವಳು. ಅವನು ತನ್ನ ಕೋಟನ್ನು ನಾಲ್ಕಾಗಿ ಮಡಚಿ ಅವಳ ಕೆಳಗೆ ಹಾಕಿದ. ತಲೆ ಚಾವಣಿಗೆ ತಾಗಿತು.

“ಈಗ ತಲೆ ಕತ್ತರಿಸ್ತೀರಾ?” ಎಂದಳು ಹೆಂಡತಿ. ಮಗಳು ನಗಲು ಹೋಗಿ ನಗಲಿಲ್ಲ.

ಅವನು ಬಗ್ಗಿ ಸೀಟಿನ ಅಂಚಿನುದ್ದಕ್ಕೂ ಹೆಬ್ಬೆರಳು ಆಡಿಸಿದ. ಎಲ್ಲಿಯೂ ಮಡಿಕೆಯಿರಲಿಲ್ಲ. ಎಲ್ಲವನ್ನೂ ಬಿಗಿಯಾಗಿ ಎಳೆದು ಅಂಟಿಸಿದ್ದರು.

“ಏಳ್ರೀ, ಸಾಕು. ಇದೇ ಇರಲಿ. ಕಾಲುನೋವು ನನಗೆ ಹೊಸದಲ್ಲ. ಚಳೀಲಿ ದಾರಿ ಮಧ್ಯೆ ಕಾಯೋದು ಮಾತ್ರ ನನ್ನ ಕೈಲಾಗಲ್ಲ.”

“ಚಿಕ್ಕದರಲ್ಲೇ ಹೀಟರ್ ಆರಿಸಿ...” ಎಂದು ಶುರುಮಾಡಿದವನು ಅವಳ ಮುಖ ನೋಡಿ ಟೇಪು ಸುತ್ತತೊಡಗಿದ.

“ಯಾವುದು ಬರ್ಕೊಳ್ಳಲಿ ಸರ್?”

“ದೊಡ್ಡದು.”

ಇಳಿಯುವಾಗ ಅವಳು ಎರಡೂ ಕೈಗಳಿಂದ ಒಂದು ಕಾಲನ್ನು ಎತ್ತಿ ಹೊರಗಿಟ್ಟಳು, ಆಮೇಲೆ ಇನ್ನೊಂದನ್ನು. ದರ್ಜಿ ಕೋಟನ್ನು ಕೊಡವಿ ಅವಳ ಹೆಗಲಿಗೆ ಹೊದಿಸಿದ. ಅವನೇ ಹೊಲಿದ ಕೋಟು; ಅವಳಿಗೆ ತೀರಾ ದೊಡ್ಡದಾಗಿತ್ತು.