ಕೆನೆಬಣ್ಣ ಬರುವ ಮೊದಲು

ಮೊನ್ನೆ ಸೊಸೆ ಹೊಸ ಈಳಿಗೆಯ ಅಲಗಿಗೆ ಲಿಂಬೆಹಣ್ಣಿನ ಸಿಪ್ಪೆ ತಿಕ್ಕುತ್ತಿದ್ದಳು. ಹುಳಿ ತಾಗಿದ ಕಬ್ಬಿಣದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಉಣ್ಣಲು ಕುಳಿತವನು ಎದ್ದುಬಿಟ್ಟೆ. ಕೊಣ್ಣೂರಿನ ಕಂಬಾರ ಕಾಕಾ ನೆನಪಾದರು. ನಲವತ್ತು ವರ್ಷದ ಮೇಲಾಯಿತು, ಆ ವಾಸನೆ ನನಗೆ ಇನ್ನೂ ಆಗಿಬರುವುದಿಲ್ಲ.

ಆಗ ನಾನು ಇಪ್ಪತ್ತೆರಡರ ಹುಂಬ. ತುಕ್ಕಾನಟ್ಟಿಯ ನಮ್ಮ ಕಬ್ಬಿಗೆ ಕಾಡುಹಂದಿ ನುಗ್ಗುತ್ತಿದ್ದವು. ಗೆಳೆಯರ ಜೊತೆ ಅವುಗಳ ಬೆನ್ನು ಹತ್ತುವುದೇ ನನಗೊಂದು ಹುಚ್ಚು. ನನ್ನ ಕೈಗೇ ಅಂತ ಒಂದು ಪದರುಕ್ಕಿನ ಬೇಟೆಚೂರಿ ಬೇಕಿತ್ತು. ಅಂಥದ್ದನ್ನು ಮಾಡಬಲ್ಲವರು ಸುತ್ತಮುತ್ತ ಕಾಕಾ ಒಬ್ಬರೇ. ಕೇಳಲು ಹೋದಾಗ ಹಸಿಮಣ್ಣಿನ ಮುದ್ದೆ ಕೈಗಿಟ್ಟು ಬಿಗಿಯಾಗಿ ಹಿಡಿಯಲು ಹೇಳಿದರು. ನನ್ನ ಬೆರಳು ಮೂಡಿದ ಮುದ್ದೆಯನ್ನು ನೆರಳಲ್ಲಿ ಒಣಗಲು ಇಟ್ಟರು. ಹಿಡಿಕೆಗೆ ಅದೇ ಅಳತೆ.

ಬೆಂಕಿ ನೋಡಿ ನೋಡಿ ಅವರ ಕಣ್ಣು ಮಂಜಾಗಿದ್ದವು. ಕಾದ ಕಬ್ಬಿಣದ ಬಣ್ಣ ನೋಡಿ ಹೇಳುತ್ತಿದ್ದ ಮಗ ಪಗಾರದ ಆಸೆಗೆ ಗಿರಣಿ ಸೇರಿದ್ದ. ಕಾಕಿ ಕುಳಿತು ತಿದಿ ಒತ್ತುವ ಕಡೆ ಮಣ್ಣಿನ ಗೋಡೆ ಅಡ್ಡ, ಅವರಿಗೆ ಬೆಂಕಿ ಕಾಣುತ್ತಿರಲಿಲ್ಲ.

"ಕುಡಗೋಲು, ಕುರಪಿ ಹೆಂಗರ ಆಗತಾವು. ಪದರ ಕೂಡಸೂದು ಹಂಗಲ್ಲ, ತಮ್ಮಾ. ಬಣ್ಣ ನೀನ ನೋಡಿ ಹೇಳಬೇಕು," ಎಂದರು ಕಾಕಾ. "ಇದೊಂದು ಸರಿ ಬಂತಂದ್ರ ಕುಲುಮಿ ನಡಸತೇನಿ. ಇಲ್ಲಂದ್ರ ಆರಿಸಿ ಮಗನ ಮನಿಗೆ ಹೋಗತೇನಿ."

"ಅಲ್ಲಿ ಹೋಗಿ ಸೊಸಿ ಕೂಡ ಜ್ವಾಳ ಹಸನ ಮಾಡತೀರೇನು?" ಎಂದು ಗೋಡೆಯ ಆಚೆಯಿಂದ ಕಾಕಿ ಕೇಳಿದರು. ಕಾಕಾ ನಗಲಿಲ್ಲ.

ಬಂಡಿಗಾಲಿಯ ಹಳಿಯ ಮೆತ್ತನೆಯ ಕಬ್ಬಿಣ, ಸವೆದ ಅರದ ಗಟ್ಟಿ ಉಕ್ಕು, ಒಂದರ ಮೇಲೊಂದು ಪಟ್ಟಿ. ನಡುವೆ ಘಟಪ್ರಭೆಯ ಸಣ್ಣ ಉಸುಕು ಉದುರಿಸಿ ಕಾಯಿಸಬೇಕು, ಬಡಿದು ಒಂದು ಮಾಡಬೇಕು, ಮಡಚಿ ಮತ್ತೆ ಕಾಯಿಸಬೇಕು. ಕೆಂಪು ಹೋಗಿ ಅರಿಶಿನ ಬಣ್ಣ, ಅರಿಶಿನ ಹೋಗಿ ಹಾಲಿನ ಕೆನೆಯ ಬಣ್ಣ. ಕೆನೆಬಣ್ಣ ಬಂದಾಗಲೇ ಪದರು ಕೂಡುತ್ತವೆ, ಅದಕ್ಕಿಂತ ಮುಂಚೆ ಬಡಿದರೆ ಬರೀ ಅಂಟಿಕೊಂಡಂತೆ ಕಾಣುತ್ತವೆ ಅಷ್ಟೆ. ಎರಡು ಮಡಿಕೆ ಚಂದ ಕೂಡಿದವು. ಮೂರನೆಯದು ಕಾಯುವಾಗ ಹೊರಗೆ ನಾಯಿ ಬೊಗಳಿದವು. ಮೂಡಲಗಿ ಕಡೆ ಬೇಟೆಗೆ ಹೊರಟಿದ್ದ ಗೆಳೆಯರು ನನಗಾಗಿ ಬಿಸಿಲಲ್ಲಿ ನಿಂತು ಬೈಯುತ್ತಿದ್ದರು. ಅತ್ತ ನೋಡಿ ಇತ್ತ ತಿರುಗಿದೆ. ಅರಿಶಿನ ಬಣ್ಣವೇ ಇತ್ತು. ಇನ್ನೆಷ್ಟು ಹೊತ್ತು ಕಾಯುವುದು...

"ಬಂತ್ರಿ ಕಾಕಾ," ಎಂದೆ.

ಕಾಕಾ ಇಕ್ಕಳದಲ್ಲಿ ಎಳೆದು ಎರಡು ಏಟು ಹಾಕಿ ತಡೆದರು. "ಖರೆ ಬಂದಿತ್ತೇನು, ತಮ್ಮಾ?"

ಆಗಲಾದರೂ ಇಲ್ಲ ಅನ್ನಬಹುದಿತ್ತು. ಮತ್ತೆ ಉಸುಕು ಹಾಕಿ ಕಾಯಿಸುತ್ತಿದ್ದರು, ಅರ್ಧ ತಾಸಿನ ಮಾತು. ನಾನು "ಖರೇನ್ರಿ" ಎಂದು ಹೇಳಿ ಬೇಟೆಗೆ ಓಡಿದೆ.

ವಾರ ಬಿಟ್ಟು ಹೋದೆ. ಕಾಕಾ ನನ್ನೆದುರೇ ಅಲಗಿಗೆ ಲಿಂಬೆರಸ ಸವರಿದರು. ನೀರಿನ ಅಲೆಯಂತೆ ಗೆರೆಗಳು ಒಂದೊಂದಾಗಿ ಎದ್ದವು. ಅಷ್ಟು ಚಂದದ ವಸ್ತುವನ್ನು ನಾನು ಆಮೇಲೆ ನೋಡಿಲ್ಲ. ಅವರು ಅಲಗಿನ ಬೆನ್ನಿನ ಕಡೆಯಿಂದ ಉಗುರು ಎಳೆದರು, ನಡುವೆ ತಡೆಯಿತು. ಅಡಿಗಲ್ಲಿಗೆ ತಟ್ಟಿದರು. ಒಡೆದ ಮಡಕೆಯ ಸದ್ದು. ಇನ್ನೊಮ್ಮೆ ತಟ್ಟಿದಾಗ ಅಲಗು ಬಾಯಿ ಬಿಟ್ಟಿತು.

ಕಾಕಾ ತಮ್ಮ ಬಲಗೈ ತಿರುಗಿಸಿ ನೋಡಿಕೊಂಡರು. "ನೀ ಸರಿಯಾಗೇ ಹೇಳಿದ್ದಿ. ನಾನ ಬಡಿಯಾಕ ತಡ ಮಾಡೇನಿ. ಕಣ್ಣ ಹೋಗಿದ್ದು ಗೊತ್ತಿತ್ತು... ಕೈನೂ ಹೋತು."

ಕಾಕಿ ಗೋಡೆಯ ಆಚೆಯಿಂದ ಎದ್ದು ಬಂದು ಒಂದು ಕೊಡ ನೀರನ್ನು ಕುಲುಮೆಗೆ ತಾವೇ ಸುರಿದರು.

ಮಗನ ಮನೆಯಲ್ಲಿ ಕಾಕಾ ಎರಡು ವರ್ಷ ಬದುಕಿದರು. ಮಣ್ಣು ಮಾಡಲು ಹೋದಾಗ ಅಲ್ಲಿದ್ದವರು, ಕಡೆಗೆ ಅವರ ಕೈಯಲ್ಲಿ ಕಸುವಿರಲಿಲ್ಲ ಎಂದು ಮಾತಾಡಿಕೊಂಡರು. ನಾನೂ ಹೌದೆಂದು ತಲೆಯಾಡಿಸಿದೆ, ಹೇಡಿ.

ಈಗ ನನಗೂ ಕಣ್ಣು ಮಂಜು. ಬಂದ ಕಾಗದವನ್ನು ಮೊಮ್ಮಗಳು ಓದಿ ಹೇಳುತ್ತಾಳೆ, ಅವಳು ಹೇಳಿದ್ದೇ ಖರೆ. ನಂಬದೆ ಮಾಡುವುದೇನು? ಕಾಕಾ ನನ್ನನ್ನು ಹೀಗೆಯೇ ನಂಬಿದ್ದರು. ಕಾಕಿಯೂ ಹೋದರು, ಮಗನೂ ಹೋದ. ಹೇಳಬೇಕೆಂದರೆ ಕೇಳಿಸಿಕೊಳ್ಳುವವರು ಆ ಮನೆಯಲ್ಲಿ ಯಾರೂ ಉಳಿದಿಲ್ಲ. ಕಾಕಾನ ಕೈ ಕೊನೆಯವರೆಗೂ ಸರಿಯಾಗಿಯೇ ಇತ್ತು.